ಗಾಜಿನ ಹೆಂಚು, ಸುಟ್ಟ ಗೆಣಸು

ಗೂಡಿನ ಹಿಂದಿನ ಕಿಂಡಿಗೆ ಸಿಕ್ಕಿಸಿದ್ದ ಅರ್ಧ ಇಟ್ಟಿಗೆಯನ್ನು ನಾನು ತೆಗೆದೆನೋ ಇಲ್ಲವೋ, ನನಗೆ ಗೊತ್ತಿಲ್ಲ. ತೆಗೆದ ಹಾಗೂ ನೆನಪಿದೆ, ಕೈ ಚಾಚಿ ಹಿಂದಕ್ಕೆಳೆದುಕೊಂಡ ಹಾಗೂ ನೆನಪಿದೆ. ಎರಡು ನೆನಪಿನಲ್ಲೂ ಇಟ್ಟಿಗೆ ಬೆಚ್ಚಗಿದೆ, ಎರಡರಲ್ಲೂ ಕೊಟ್ಟಿಗೆಯ ಕಡೆಯಿಂದ ಚಳಿಗಾಳಿ ಬೀಸುತ್ತಿದೆ. ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು ನಾನು. ಒಂದೇ ಘಟನೆಗೆ ಎರಡು ವರದಿ ಬಂದರೆ ಎರಡನ್ನೂ ಅನುಮಾನದಿಂದ ನೋಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವನು. ಈ ಬರಹವನ್ನೂ ಹಾಗೆಯೇ ಓದಬೇಕೆಂದು ಕೋರುತ್ತೇನೆ.

ಇದನ್ನು ಕೆದಕಿದ್ದು ಒಂದು ವಾಸನೆ. ಹೋದ ಡಿಸೆಂಬರಿನಲ್ಲಿ ದೇವನಹಳ್ಳಿ ಬಸ್ ನಿಲ್ದಾಣದ ಹೊರಗೆ ಒಬ್ಬಾತ ತಳ್ಳುಗಾಡಿಯಲ್ಲಿ ಕೆಂಡದ ಮೇಲೆ ಗೆಣಸು ಸುಡುತ್ತಿದ್ದ. ಸಿಪ್ಪೆ ಕರಕಲಾಗಿ, ಒಳಗಿನ ಸಿಹಿ ಒಸರಿ, ಅದೂ ಸುಡುವ ವಾಸನೆ. ಒಂದು ಗೆಣಸು ಕೊಂಡೆ. ಬಿಸಿ ತಾಳದೆ ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತ ನಿಂತಿದ್ದೆ. ನನ್ನ ಬಸ್ಸು ಕಣ್ಣೆದುರೇ ಹೊರಟುಹೋಯಿತು. ನಾನು ಅಷ್ಟು ಹೊತ್ತಿಗೆ ಚಿಕ್ಕಪ್ಪನ ಹಿತ್ತಲಲ್ಲಿದ್ದೆ.

ಅದು ತೊಂಬತ್ತೆರಡರ ಚಳಿಗಾಲ ಎಂದು ನನ್ನ ಲೆಕ್ಕ. ಚಿಕ್ಕಮ್ಮ ತೊಂಬತ್ತೊಂದು ಎನ್ನುತ್ತಾರೆ. ಕೆಂದ ಹಸು ಮೊದಲ ಕರು ಹಾಕಿದ ವರ್ಷ ಎಂಬುದು ಅವರ ಆಧಾರ. ನಾನು ಎಂ.ಎಸ್‌ಸಿ. ಮುಗಿಸಿ ಲೆಕ್ಚರರ್ ಕೆಲಸದ ಸಂದರ್ಶನಕ್ಕೆ ಕಾಯುತ್ತಿದ್ದೆ. ಬೆಂಗಳೂರಿನ ಬಾಡಿಗೆ ಕೋಣೆ ಬಿಟ್ಟು, ಆವತಿಯಿಂದ ಒಂದೂವರೆ ಮೈಲಿಯ ನಮ್ಮೂರಿಗೆ, ಚಿಕ್ಕಪ್ಪನ ಮನೆಗೆ ಪುಸ್ತಕದ ಪೆಟ್ಟಿಗೆ ಹೊತ್ತು ಬಂದಿದ್ದೆ. ಓದುತ್ತೇನೆ ಎಂದು ಬಂದವನು ಆ ಎರಡು ತಿಂಗಳಲ್ಲಿ ಎಷ್ಟು ಓದಿದೆನೋ ಕಾಣೆ. ಅವರೆಕಾಯಿ ಸುಲಿದದ್ದು ಮಾತ್ರ ಚೆನ್ನಾಗಿ ನೆನಪಿದೆ.

ಚಿಕ್ಕಪ್ಪ ಹದಿನೆಂಟು ವರ್ಷ ಬೆಂಗಳೂರಿನ ಒಂದು ಗಾಜಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತವರು. ಕಾರ್ಖಾನೆ ಮುಚ್ಚಿದಾಗ ಊರಿಗೆ ಬಂದು ರಾಗಿ, ಅವರೆ ಎಂದು ಹೊಲ ಹಿಡಿದರು. ಬರುವಾಗ ಲಾರಿಯಲ್ಲಿ ಹಳೆಯ ಬೆಂಕಿ ಇಟ್ಟಿಗೆ ನಾಲ್ಕು ನೂರು, ಗಾಜು ಕರಗಿಸುವ ಮಣ್ಣಿನ ಮೂಸೆ ಎರಡು, ಉದ್ದ ಇಕ್ಕಳ ಒಂದು ತಂದಿದ್ದರು. ಎಲ್ಲವೂ ಕಾರ್ಖಾನೆಯವರು ಎಸೆದದ್ದು. ಅದನ್ನು ಇಳಿಸುವಾಗ ಚಿಕ್ಕಮ್ಮ, “ಸಂಸಾರ ತತ್ತಾರೆ ಅಂದ್ಕಂಡ್ರೆ ಕಸ ತಂದವ್ರೆ” ಎಂದದ್ದು ಊರಿಗೆಲ್ಲ ಗೊತ್ತಿತ್ತು. ಆ ಇಟ್ಟಿಗೆ ಐದಾರು ವರ್ಷ ಹಿತ್ತಲಲ್ಲಿ ಕೋಳಿಗೂಡಿನ ಗೋಡೆಯಾಗಿ ನಿಂತಿತ್ತು.

ಮನೆಯ ಯಜಮಾನಿಕೆ ಅಜ್ಜಿಯದು. ಎಪ್ಪತ್ತು ದಾಟಿತ್ತು, ಕಣ್ಣು ಮಂಜಾಗಿತ್ತು. ಎರಡು ವರ್ಷದ ಹಿಂದೆ ಆಪರೇಷನ್ ಆದ ಕಣ್ಣೂ ಅರ್ಧಂಬರ್ಧ. ಬೆಳಕಿದ್ದರೆ ಸೂಜಿಗೆ ದಾರ ಪೋಣಿಸುತ್ತಿದ್ದಳು, ನೆರಳಿನಲ್ಲಿ ಎದುರು ನಿಂತ ಮೊಮ್ಮಗನೂ ಕಾಣುತ್ತಿರಲಿಲ್ಲ. ನಮ್ಮ ಅಡುಗೆಮನೆಗೋ ಕಿಟಕಿಯೇ ಇರಲಿಲ್ಲ. ಮೂರು ಕಡೆ ಗೋಡೆ, ಒಂದು ಕಡೆ ನಡುಮನೆ. ಬಲ್ಬ್ ಇತ್ತು, ಆದರೆ ಹಗಲು ಕರೆಂಟು ಇರುತ್ತಿರಲಿಲ್ಲ. ನಾನು ಬರುವ ಹದಿನೈದು ದಿನ ಮುಂಚೆ ಅಜ್ಜಿಯ ಸೆರಗಿನ ತುದಿಗೆ ಒಲೆಯ ಬೆಂಕಿ ತಗುಲಿತ್ತು. ಚಿಕ್ಕಮ್ಮ ಬಿಂದಿಗೆ ನೀರು ಸುರಿದು ಆರಿಸಿದ್ದರು. ಅವತ್ತಿನಿಂದ ಮನೆಯಲ್ಲಿ ಒಂದೇ ಜಗಳ.

“ಇನ್ಮೇಲೆ ನೀವು ಒಲೆ ಮುಂದೆ ಕೂರ್ಬೇಡಿ ಅತ್ತೆ. ಜಗಲೀಲಿ ಕೂತ್ಕಳಿ, ಮುದ್ದೆ ನಾನು ತಂದ್ಕೊಡ್ತೀನಿ.”

“ಜಗಲೀಲಿ ಕೂತು ಏನ್ ಮಾಡ್ಲಿ? ಹೋಗೋರು ಬರೋರ್ನ ಎಣಿಸ್ಲಾ? ಅವ್ರೂ ಕಾಣಲ್ಲ ನಂಗೆ.”

ಚಿಕ್ಕಮ್ಮ ಕೆಟ್ಟವರಲ್ಲ. ಹೆದರಿದ್ದರು, ಅಷ್ಟೇ. ಆದರೆ ಹದಿನಾಲ್ಕನೇ ವಯಸ್ಸಿಗೆ ಆ ಮನೆಗೆ ಬಂದು ಅಂದಿನಿಂದ ಆ ಒಲೆಯನ್ನು ಬಿಟ್ಟುಕೊಡದ ಅಜ್ಜಿಗೆ, ಒಲೆ ಬಿಡು ಎನ್ನುವುದೂ ಮನೆ ಬಿಡು ಎನ್ನುವುದೂ ಬೇರೆಯಾಗಿ ಕೇಳಿಸುತ್ತಿರಲಿಲ್ಲ. ಸಂಕ್ರಾಂತಿವರೆಗೆ ನೋಡೋಣ ಎಂದು ಚಿಕ್ಕಪ್ಪ ರಾಜಿ ಮಾಡಿಸಿದರು. ಅಷ್ಟರೊಳಗೆ ಅಡುಗೆಮನೆಗೆ ಬೆಳಕು ಬಂದರೆ ಅಜ್ಜಿಗೆ ಒಲೆ, ಬಾರದಿದ್ದರೆ ಜಗಲಿ.

ಅಡುಗೆಮನೆಗೆ ಮಂಗಳೂರು ಹೆಂಚು ಹೊದಿಸಿತ್ತು. ನಡುವೆ ಒಂದು ಗಾಜಿನ ಹೆಂಚು ಹಾಕಿದರೆ ಮುಗಿಯಿತಲ್ಲ ಎಂದು ದೇವನಹಳ್ಳಿಯಿಂದ ನಾನೇ ಒಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ತಂದೆ. ಅದು ಕೂರಲಿಲ್ಲ. ನಮ್ಮ ಹೆಂಚು ಎಂದೋ ಮುಚ್ಚಿಹೋದ ಕಾರ್ಖಾನೆಯದು. ಅದರ ತೋಡುಗಳು ಈಗಿನ ಹೆಂಚಿಗಿಂತ ಒಂದು ಬೆರಳು ಒಳಗಿದ್ದವು. ಚಿಕ್ಕಪ್ಪ ಮಾಡಿನ ಮೇಲೆ ಕೂತು ಅದನ್ನು ಹಾಗೆ ತಿರುಗಿಸಿ, ಹೀಗೆ ತಿರುಗಿಸಿ, ಕೊನೆಗೆ ನಮ್ಮದೇ ಒಂದು ಹಳೆಯ ಹೆಂಚು ಕಿತ್ತುಕೊಂಡು ಕೆಳಗಿಳಿದರು. ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಬಹಳ ಹೊತ್ತು ಸವರಿದರು.

“ನಾವೇ ಹುಯ್ಯಣ” ಎಂದರು.

“ಏನನ್ನ?”

“ಗಾಜ್ನ. ಏನಪ್ಪಾ ಎಮ್ಮೆಸ್ಸಿ, ನಿನ್ ಪುಸ್ತಕದಲ್ಲಿ ಗಾಜು ಎಷ್ಟಕ್ಕೆ ಕರಗುತ್ತೆ ಅಂತ ಬರ್ದವ್ರೆ?”

ನಾನು ಡಿಗ್ರಿ ಲೆಕ್ಕ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. “ಕಿತ್ತಳೆ ಹೋಗಿ ನಿಂಬೆ ಬಣ್ಣಕ್ಕೆ ಬಂದಾಗ ಜೇನುತುಪ್ಪ ಆಗುತ್ತೆ. ಆಗ ಹುಯ್ಯೋದು.”

ಆಮೇಲಿನ ಹತ್ತು ದಿನ ಮನೆ ಮನೆಯಾಗಿರಲಿಲ್ಲ. ಕೋಳಿಗೂಡಿನ ಗೋಡೆ ಬಿತ್ತು. ಕೋಳಿಗಳು ನಡುಮನೆಗೆ ಬಂದವು. ಹಿತ್ತಲಲ್ಲಿ ಎರಡು ಕಟ್ಟಡ ಎದ್ದವು. ಒಂದು ಕರಗಿಸುವ ಕುಲುಮೆ, ಸೊಂಟದೆತ್ತರ, ಇದ್ದಿಲು ತುಂಬಿ ಕಮ್ಮಾರರ ಕೈ ಬ್ಲೋವರಿನಿಂದ ಗಾಳಿ ಕೊಡುವಂಥದು. ಇನ್ನೊಂದು ಆರಿಸುವ ಗೂಡು. ಈ ಎರಡನೆಯದರ ಮಹತ್ವವನ್ನು ಚಿಕ್ಕಪ್ಪ ಎಲ್ಲರನ್ನೂ ಕೂರಿಸಿ ಹೇಳಿದರು. ಹುಯ್ದ ಗಾಜನ್ನು ಗಾಳಿಗೆ ಬಿಟ್ಟರೆ ಹೊರಮೈ ಬೇಗ ತಣಿದು ಬಿಗಿಯುತ್ತದೆ, ಒಳಗಿನ ಬಿಸಿ ಅದರೊಡನೆ ಗುದ್ದಾಡಿ ಸೀಳುತ್ತದೆ. ಅದಕ್ಕೆ ಕೆಂಪಗಿರುವಾಗಲೇ ಅಚ್ಚಿನ ಸಮೇತ ಬಿಸಿ ಗೂಡಿಗೆ ತಳ್ಳಿ, ಹೊಟ್ಟಿನ ಬೆಂಕಿ ತಾನಾಗಿ ಆರುವವರೆಗೆ ಮೂರು ಹಗಲು ಮೂರು ರಾತ್ರಿ ಮುಟ್ಟಬಾರದು. ಗೂಡಿನ ಮುಂದೆ ದೊಡ್ಡ ಬಾಯಿ, ಅದರ ಕೆಳಗೆ ಬೂದಿ ತೆಗೆಯುವ ಸಣ್ಣ ಬಾಯಿ, ಹಿಂದೆ ಕೊಟ್ಟಿಗೆಯ ಕಡೆಗೆ ಬಣ್ಣ ನೋಡಲು ಒಂದು ಕಿಂಡಿ. ದೊಡ್ಡ ಬಾಯಿಗೆ ಇಟ್ಟಿಗೆ ಕಟ್ಟಿ ಮಣ್ಣು ಮೆತ್ತುವುದು. ಉಳಿದೆರಡಕ್ಕೆ ಒಂದೊಂದು ಇಟ್ಟಿಗೆ ಸಿಕ್ಕಿಸುವುದು.

“ಬಾಣಂತಿ ಇದ್ದಂಗೆ” ಎಂದು ಅಜ್ಜಿ ಒಂದೇ ಮಾತಿನಲ್ಲಿ ಅರ್ಥಮಾಡಿಕೊಂಡಳು. “ಗಾಳಿ ಸೋಕಬಾರ್ದು.”

ಗಾಜು ಬಂದದ್ದು ದೇವನಹಳ್ಳಿಯ ಒಂದು ಫೋಟೋ ಫ್ರೇಮಿನ ಅಂಗಡಿಯಿಂದ. ಕತ್ತರಿಸಿ ಉಳಿದ ಚೂರು ಒಂದು ಚೀಲ. ಸಾಲದ್ದಕ್ಕೆ ಮನೆಯಲ್ಲಿದ್ದ ನಾಲ್ಕಾರು ಬಿಳಿ ಔಷಧಿ ಬಾಟಲಿ. ಎಲ್ಲವನ್ನೂ ಸೀಗೆಕಾಯಿ ಹಾಕಿ ತೊಳೆದವಳು ಅಜ್ಜಿ. ಅಚ್ಚಿಗೆ ಹುತ್ತದ ಮಣ್ಣು, ಅದಕ್ಕೆ ಹಳೆಯ ಹೆಂಚಿನ ಪುಡಿ. ಕಿತ್ತ ಹೆಂಚನ್ನೇ ಒತ್ತಿ ಕೆಳಗೊಂದು ಅಚ್ಚು, ಮೇಲಿಂದ ಒತ್ತಲು ಇನ್ನೊಂದು. ಹೆಂಚಿನ ಹಿಂಬದಿಯಲ್ಲಿ, ಮಾಡಿನ ರೀಪಿಗೆ ಸಿಕ್ಕಿಕೊಳ್ಳುವ ಒಂದು ಗುಬುಟು ಇರುತ್ತದೆ. ಗೂಡಿಗೆ ತಳ್ಳುವಾಗ ಆ ಗುಬುಟಿನ ತುದಿ ಮೊದಲು ಒಳಗೆ ಹೋಗಬೇಕು, ಕಿಂಡಿಯ ಕಡೆಗೆ ಇರಬೇಕು ಎಂದು ಚಿಕ್ಕಪ್ಪ ಪಟ್ಟು ಹಿಡಿದರು. ಅಲ್ಲಿ ಗಾಜು ದಪ್ಪ, ಬಣ್ಣ ಅಲ್ಲಿ ನೋಡಬೇಕು.

ಹುಯ್ದ ದಿನ ನನಗೆ ಬಹಳ ಸ್ಪಷ್ಟವಾಗಿ ನೆನಪಿದೆ, ಆದ್ದರಿಂದಲೇ ಅದರಲ್ಲಿ ಎಷ್ಟು ನಾನು ಆಮೇಲೆ ಸೇರಿಸಿದ್ದೋ ಎಂಬ ಶಂಕೆ. ಬೆಳಗಿನಿಂದ ಬ್ಲೋವರ್ ತಿರುಗಿಸಿ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದು ನಿಜ. ಮಧ್ಯಾಹ್ನ ಚಿಕ್ಕಪ್ಪ ಒದ್ದೆ ಗೋಣಿಯನ್ನು ಎದೆಗೆ ಕಟ್ಟಿಕೊಂಡು ಇಕ್ಕಳದಿಂದ ಮೂಸೆ ಎತ್ತಿದರು. ಗಾಜು ನೀರಿನ ಹಾಗೆ ಬೀಳುತ್ತದೆ ಎಂದುಕೊಂಡಿದ್ದೆ. ಅದು ನಿಧಾನವಾಗಿ, ದಪ್ಪ ಹಗ್ಗದ ಹಾಗೆ ಇಳಿದು ಅಚ್ಚಿನೊಳಗೆ ಸುತ್ತಿಕೊಂಡು, ಸುತ್ತುಗಳು ಒಂದರೊಳಗೊಂದು ಕರಗಿ ಮಟ್ಟವಾಯಿತು. ಸದ್ದೇ ಇಲ್ಲ. ಕೊನೆಯ ಎಳೆ ತುಂಡಾಗಲೊಲ್ಲದೆ ಮೂಸೆಯ ತುಟಿಯಿಂದ ತೂಗಾಡುತ್ತಿತ್ತು.

“ಲಕ್ಷ್ಮೀ, ಒತ್ತೇ!” ಎಂದು ಚಿಕ್ಕಪ್ಪ ಕೂಗಿದರು. ಮೇಲಿನ ಅಚ್ಚನ್ನು ಹಿಡಿದು ಕಾಯುತ್ತಿದ್ದವರು, ಇದೆಲ್ಲ ಹುಚ್ಚು ಎಂದು ಹತ್ತು ದಿನ ಬೈದಿದ್ದ ಚಿಕ್ಕಮ್ಮ. ರೊಟ್ಟಿ ಒತ್ತುವ ಹಾಗೆ, ಒಂದೇ ಸಮ, ಒತ್ತಿದರು. ಆಮೇಲೆ ಎಲ್ಲರೂ ಸೇರಿ ಗೂಡಿಗೆ ತಳ್ಳಿ ಬಾಯಿ ಮೆತ್ತಿದೆವು. ಅಜ್ಜಿ ದೂರದಲ್ಲಿ ಕೂತಿದ್ದಳು. “ನಂಗೂ ಕಾಣ್ತು ಕಣೋ ಅದು. ಹೊಳೀತಿತ್ತು” ಎಂದಳು.

ಈಗ ನನ್ನ ಎರಡು ವರದಿಗಳು. ಮಾರನೆಯ ಬೆಳಿಗ್ಗೆ, ಬಿಸಿಲೇರುವ ಮುಂಚೆ, ನಾನು ಹಲ್ಲುಜ್ಜುತ್ತ ಗೂಡಿನ ಹಿಂದಕ್ಕೆ ಹೋದೆ. ಆ ಭಾಗದ ಡಿಸೆಂಬರ್ ಚಳಿ ಗೊತ್ತಿದ್ದವರಿಗೆ ಗೊತ್ತು. ಕಲ್ಲುಗುಡ್ಡದಿಂದ ಇಳಿದು ಬರುವ ಗಾಳಿಗೆ ಕಿವಿ ಸೆಟೆಯುತ್ತದೆ. ಒಳಗೆ ಏನಾಗಿದೆಯೋ ಎಂಬ ಕುತೂಹಲ. ಒಂದು ವರದಿಯ ಪ್ರಕಾರ, ಇಟ್ಟಿಗೆ ಎಳೆದು ಒಳಗೆ ಇಣುಕಿದೆ, ಕತ್ತಲಲ್ಲದೆ ಏನೂ ಕಾಣಲಿಲ್ಲ, ಮತ್ತೆ ಸಿಕ್ಕಿಸಿದೆ. ಒಂದು ನಿಮಿಷ, ಹೆಚ್ಚೆಂದರೆ ಎರಡು. ಇನ್ನೊಂದರ ಪ್ರಕಾರ, ಚಿಕ್ಕಪ್ಪ ಕೆಮ್ಮಿದ್ದು ಕೇಳಿ ಕೈ ಹಿಂದಕ್ಕೆಳೆದುಕೊಂಡೆ. ‘ಠಣ್’ ಎಂಬ ಸದ್ದನ್ನು ಕೇಳಿದೆನೆ? ಕೇಳಿದ ಹಾಗೆ ಎಷ್ಟೋ ಸಲ ಕನಸಾಗಿದೆ. ಕನಸು ಸಾಕ್ಷಿಯಲ್ಲ.

ನಾಲ್ಕನೆಯ ದಿನ ಗೂಡು ಬಿಚ್ಚಿದಾಗ ಹೆಂಚು ಏಳು ಚೂರಾಗಿತ್ತು.

ಮೊದಲು ಬಾಯಿ ಬಿಟ್ಟವನು ನಾನು. ಇದು ಮಾತ್ರ ಒಂದೇ ವರದಿ, ಅನುಮಾನವಿಲ್ಲ. “ಔಷಧಿ ಬಾಟಲಿ ಗಾಜು ಬೇರೆ ಜಾತಿ ಚಿಕ್ಕಪ್ಪ. ಎರಡೂ ಒಂದೇ ಸಮ ಕುಗ್ಗಲ್ಲ. ಅದಕ್ಕೇ ಒಡೆದಿದೆ” ಎಂದು ಎಂ.ಎಸ್‌ಸಿ.ಯ ದನಿಯಲ್ಲಿ ಹೇಳಿದೆ.

ಚಿಕ್ಕಪ್ಪ ನನ್ನ ಮುಖ ನೋಡಲಿಲ್ಲ. ಒಳಗೆ ಹೋಗಿ ಫ್ರೇಮಿನ ಗಾಜಿನ ಒಂದು ಕಡ್ಡಿ, ಔಷಧಿ ಬಾಟಲಿಯ ಒಂದು ಚೂರು, ಚಿಕ್ಕಮ್ಮನ ಒಡೆದ ಬಳೆಯ ಒಂದು ತುಣುಕು ತಂದರು. ಕೆಂಡ ಊದಿಸಿ, ಮೊದಲು ಫ್ರೇಮಿನ ಗಾಜಿಗೆ ಬಳೆಯ ಗಾಜನ್ನು ಪಕ್ಕಪಕ್ಕ ಅಂಟಿಸಿ ಕಾಯಿಸಿ, ಚಿಮಟದಿಂದ ಎಳೆದರು. ಎರಡು ಗಾಜೂ ಕೂಡಿದ ಒಂದು ಗೇಣುದ್ದದ ಎಳೆ ಬಂತು. ತಣಿಯುತ್ತಿದ್ದಂತೆ ಅದು ಕುಡುಗೋಲಿನ ಹಾಗೆ ಬಾಗಿತು. “ಇದು ಸೇರದ ಜಾತಿ. ಒಬ್ಬ ಎಳೀತವ್ನೆ, ಒಬ್ಬ ಬರಕಿಲ್ಲ ಅಂತವ್ನೆ” ಎಂದರು. ಆಮೇಲೆ ಫ್ರೇಮಿನ ಗಾಜು, ಬಾಟಲಿಯ ಗಾಜು ಕೂಡಿಸಿ ಎಳೆದರು. ಎಳೆ ತಣಿಯಿತು. ನೆಟ್ಟಗೆ, ಪೊರಕೆಕಡ್ಡಿಯ ಹಾಗೆ ನಿಂತಿತು.

ಅದಕ್ಕಿಂತ ಚೆನ್ನಾದ ಪ್ರಯೋಗವನ್ನು ನಾನು ವಿಶ್ವವಿದ್ಯಾಲಯದಲ್ಲಿ ನೋಡಿರಲಿಲ್ಲ. ಹೋಲಿಕೆಗೆ ಬಳೆಯನ್ನೂ ಇಟ್ಟಿದ್ದರು! ನನ್ನ ಸಿದ್ಧಾಂತ ಬಿತ್ತು. “ಒಳಕ್ಕೆ ಗಾಳಿ ಹೋಗೈತೆ” ಎಂದರು ಚಿಕ್ಕಪ್ಪ. “ಯಾರು ತೆಗ್ದಿದ್ದು?”

ನಾನು ಬಗ್ಗಿ ಚೂರು ಎಣಿಸತೊಡಗಿದೆ. ಅಷ್ಟರಲ್ಲಿ ಅಜ್ಜಿ, “ನಾನೇ ಕಣಪ್ಪ” ಎಂದಳು.

ಬೂದಿಯ ಬಾಯಿಯ ಇಟ್ಟಿಗೆ ಸರಿಸಿ, ನಾಲ್ಕು ಗೆಣಸು ಒಳಗೆ ಹೂತು ಸುಟ್ಟುಕೊಂಡಿದ್ದಳಂತೆ. ನಮ್ಮ ಮನೆಯಲ್ಲಿ ಬಿಸಿ ಬೂದಿಯನ್ನು ಸುಮ್ಮನೆ ಆರಲು ಬಿಟ್ಟದ್ದೇ ಇಲ್ಲ. ಮುದ್ದೆಯ ಒಲೆ ಇಳಿದ ಮೇಲೆ ಅದರಲ್ಲಿ ಗೆಣಸೋ, ಬದನೆಕಾಯಿಯೋ, ಏನಿಲ್ಲದಿದ್ದರೆ ಒಂದು ಈರುಳ್ಳಿಯೋ ಇರಲೇಬೇಕು. “ಅಷ್ಟೊಂದ್ ಬಿಸಿ ದಂಡ ಆಯ್ತಿತ್ತು. ಮ್ಯಾಲಿನ್ ಬಾಯಿ ಮುಟ್ಬಾರ್ದು ಅಂದಿದ್ದೆ ನೀನು, ಕೆಳಗಿಂದು ಅಂದ್ಕಳ್ಳಿಲ್ಲ ನಾನು.”

“ಯಾವತ್ತು ಅವ್ವ?”

“ಯಾವತ್ತೋ. ನೆಪ್ಪಿಲ್ಲ.”

ಆ ಗೆಣಸನ್ನು ಮೂರನೆಯ ದಿನ ಸಂಜೆ ನಾನೇ ತಿಂದಿದ್ದೆ. ಎರಡು ತಿಂದಿದ್ದೆ. ಮೂರನೆಯ ಸಂಜೆಗೆ ಹೆಂಚು ಹೆಚ್ಚುಕಡಿಮೆ ತಣಿದಿರುತ್ತದೆ, ಆಗ ಗಾಳಿ ಹೋದರೆ ಅಷ್ಟೇನೂ ಆಗದು ಎಂದು ಲೆಕ್ಕ ಹಾಕುವಷ್ಟು ವಿಜ್ಞಾನ ನನಗೆ ಬರುತ್ತಿತ್ತು. ಸುಮ್ಮನಿದ್ದೆ.

ಚಿಕ್ಕಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. “ನೋಡಿದ್ರಾ? ಗಾಜು ಬೇಯೋ ಗೂಡು ಯಾವ್ದು, ಗೆಣಸು ಸುಡೋ ಒಲೆ ಯಾವ್ದು ಅಂತ ತಿಳೀದೋರ್ನ ಬೆಂಕಿ ಮುಂದೆ ಹೆಂಗ್ ಕೂರಿಸ್ಲಿ ಹೇಳಿ” ಎಂದು ಚಿಕ್ಕಪ್ಪನನ್ನು ಮೆಲ್ಲಗೆ ಕೇಳಿದರು. ಅಜ್ಜಿ ಸೆರಗು ಸುತ್ತಿಕೊಂಡು ಹೋಗಿ ಜಗಲಿಯ ಮೇಲೆ ಕೂತಳು. ಯಾರೂ ಹೇಳದೆ.

ಆ ಮೂರು ನಾಲ್ಕು ದಿನ ನಾನು ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದೆ. ಚಿಕ್ಕಮ್ಮನ ಮುದ್ದೆ ಚೆನ್ನಾಗಿಯೇ ಇತ್ತು. ನಾನು ಚಿಕ್ಕಪ್ಪನಿಗೆ ಹೇಳಬೇಕೆಂದು ಎರಡು ಸಲ ಹೊಲದವರೆಗೆ ಹೋಗಿ, ಅವರೆ ಗಿಡದ ವಿಷಯ ಮಾತಾಡಿ ಬಂದೆ. ಮಾಡಿದೆನೋ ಇಲ್ಲವೋ ಗೊತ್ತಿಲ್ಲದ್ದನ್ನು ಒಪ್ಪಿಕೊಳ್ಳುವುದು ಹೇಗೆ ಎಂಬ ವಾದವನ್ನು ಆಗಲೇ ಕಟ್ಟಿಕೊಂಡಿದ್ದೆ ಎಂದು ಕಾಣುತ್ತದೆ. ನನ್ನ ಸಂದೇಹವಾದದ ಹುಟ್ಟು ಅಲ್ಲೇ ಇದ್ದರೂ ಇರಬಹುದು. ನೋಡುವುದಕ್ಕೇನೋ ಅದು ಪಾಂಡಿತ್ಯದ ಹಾಗೇ ಕಾಣುತ್ತದೆ.

ಚೂರುಗಳಿಗೆ ಅಚ್ಚಿನ ಮಣ್ಣು ಅಂಟಿಕೊಂಡಿತ್ತು. ಮಣ್ಣು ಸೇರಿದ ಗಾಜನ್ನು ಮತ್ತೆ ಕರಗಿಸಿದರೆ ಒಳಗೆ ಕಲ್ಲಿನ ಹರಳು ಕೂರುತ್ತದೆ ಎಂದು ಚಿಕ್ಕಪ್ಪ ಅವನ್ನು ಒಂದು ಡಾಲ್ಡಾ ಡಬ್ಬಕ್ಕೆ ಹಾಕಿ ಅಟ್ಟಕ್ಕೆ ಎಸೆದರು. ಅಂಗಡಿಯಿಂದ ಇನ್ನೊಂದು ಚೀಲ ಚೂರು ತರಿಸಿದರು. ಉಳಿದದ್ದು ಒಂದೇ ಮೂಸೆ, ಮೊದಲನೆಯದು ಬಿರಿದಿತ್ತು. ಸಂಕ್ರಾಂತಿಗೆ ಒಂಬತ್ತು ದಿನ.

ಎರಡನೆಯ ಸಲ ಹುಯ್ದಾಗ ಯಾರೂ ತಮಾಷೆ ಮಾಡಲಿಲ್ಲ. ಗೂಡಿನ ಬಾಯಿ ಮೆತ್ತಿ ಕೈ ತೊಳೆದುಕೊಳ್ಳುವ ಹೊತ್ತಿಗೆ ಅಜ್ಜಿ ಚಾಪೆ, ಕಂಬಳಿ, ಎಲೆಅಡಿಕೆ ಚೀಲ, ಒಂದು ಕೋಲು ಹಿಡಿದು ಬಂದಳು. “ಈ ಸಲ ನಾನು ಕಾಯ್ತೀನಿ.”

“ಕಣ್ ಕಾಣಲ್ಲ, ಹೆಂಗ್ ಕಾಯ್ತೀರಾ?” ಎಂದರು ಚಿಕ್ಕಮ್ಮ.

“ಕಿವಿ ಐತಲ್ಲ.”

ಮೂರು ದಿನ ಅಲ್ಲೇ ಇದ್ದಳು. ಕೋಳಿ ಹತ್ತಿರ ಬಂದರೂ ಕೋಲು ಬೀಸುತ್ತಿದ್ದಳು. ಚಾಪೆ ಹಾಸಿದ್ದು ಗೂಡಿನ ಮುಂದಲ್ಲ, ಹಿಂದೆ, ಕಿಂಡಿಯ ಪಕ್ಕ, ಕೊಟ್ಟಿಗೆಯ ಗೋಡೆಗೆ ಒರಗಿ. ಬೆಳಗಿನ ಬಿಸಿಲು ಅಲ್ಲಿ ಬೀಳುತ್ತದೆ, ಅದಕ್ಕೆ ಇರಬೇಕು ಎಂದುಕೊಂಡೆ. ಬೆಳಗಿನ ಬಿಸಿಲು ಅಲ್ಲಿ ಬೀಳುವುದಿಲ್ಲ. ಅದು ಪಡುವಣ ಗೋಡೆ. ಇದು ನನಗೆ ಹೊಳೆಯಲು ವರ್ಷಗಳೇ ಹಿಡಿದವು. ಮೊದಲ ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಆ ಕಡೆ ಹೋದೆ.

“ಯಾರು, ಮಂಜನಾ?”

“ಹೂಂ ಅಜ್ಜಿ.”

“ಚಳಿ ಐತೆ ಕಣಪ್ಪ. ಒಳಗೋಗಿ ಓದ್ಕೋ. ಆದಾಗ ನಾನೇ ಕರೀತೀನಿ.”

ದನಿಯಲ್ಲಿ ಏನೂ ಇರಲಿಲ್ಲ. ಕೋಲನ್ನು ಮಾತ್ರ ಕಿಂಡಿಯ ಇಟ್ಟಿಗೆಗೆ ಆನಿಸಿಕೊಂಡಿದ್ದಳು.

ನಾಲ್ಕನೆಯ ದಿನ ಚಿಕ್ಕಪ್ಪ ಇಟ್ಟಿಗೆ ಒಂದೊಂದೇ ಬಿಚ್ಚಿ, ಕೈ ಒಳಗೆ ಹಾಕಿ, ಹೆಂಚಿನ ಅಂಚನ್ನು ಸುತ್ತಲೂ ತಡವಿದರು. “ಅವ್ವ, ಇಡಿಯಾಗೈತೆ” ಎಂದು ಹೊರಗೆ ತೆಗೆದರು. ಅದು ಅಂಗಡಿಯ ಹೆಂಚಿನಷ್ಟು ತಿಳಿಯಾಗಿರಲಿಲ್ಲ. ಮೈಯೆಲ್ಲ ಅಚ್ಚಿನ ಒರಟು, ಒಳಗೆ ಸಾಸಿವೆಯಂಥ ಗುಳ್ಳೆ, ಅಂಚಿನಲ್ಲಿ ಎಳೆ ಬಾಳೆಯ ಹಸಿರು. ಮಾಡಿನ ಮೇಲೆ ತೋಡಿಗೆ ತೋಡು ಸೇರಿ ‘ಟಕ್’ ಎಂದು ಕೂತಿತು.

ಆಗ ಚಿಕ್ಕಮ್ಮ ಮೊರದಲ್ಲಿ ಅಕ್ಕಿ ತಂದು ಒಲೆಯ ಮುಂದೆ ಇಟ್ಟರು. “ಸರಿ ಅತ್ತೆ. ಕಲ್ಲು ಆರಿಸ್ಕೊಡಿ ನೋಡಣ. ಆರು ಕಲ್ಲು ಹಾಕಿವ್ನಿ.” ಪರೀಕ್ಷೆ ಎಂದರೆ ಅದು. ನಾವೆಲ್ಲ ನಡುಮನೆಯ ಬಾಗಿಲಲ್ಲಿ ಗುಂಪಾಗಿ ನಿಂತೆವು. ಮೇಲಿನಿಂದ ಬಿದ್ದ ಹಸಿರುಮಿಶ್ರಿತ ಬೆಳಕಿನೊಳಕ್ಕೆ ಅಜ್ಜಿ ಮೊರವನ್ನು ಎಳೆದುಕೊಂಡು, ಬೆರಳಲ್ಲಿ ಅಕ್ಕಿ ಹರಡಿ, ಒಂದೊಂದೇ ಕಲ್ಲು ಎತ್ತಿ ನೆಲದ ಮೇಲೆ ಸಾಲಾಗಿ ಇಟ್ಟಳು. ಆರಾಯಿತು. ಇನ್ನೂ ಹುಡುಕುತ್ತಿದ್ದಳು. ಏಳನೆಯದೂ ಬಂತು.

“ಇದ್ಯಾವ್ದೇ ಲಕ್ಷ್ಮೀ? ನಿನ್ ಕಣ್ಗೂ ಒಂದ್ ಹೆಂಚು ಹಾಕಿಸ್ಬೇಕಲ್ಲೇ!”

ಚಿಕ್ಕಮ್ಮ ನಕ್ಕು ನಕ್ಕು ಕೆಳಗೆ ಕೂತರು. ಆಮೇಲೆ ಎದ್ದು, ಮುದ್ದೆ ತಿರುವುವ ಕೋಲನ್ನು ಅಜ್ಜಿಯ ಕೈಗೆ ಕೊಟ್ಟರು. ಸಂಕ್ರಾಂತಿಯ ಸಿಹಿಪೊಂಗಲ್ಲು ಅಜ್ಜಿಯೇ ಮಾಡಿದಳು. ಆಮೇಲೆ ಆರು ವರ್ಷ, ಹಾಸಿಗೆ ಹಿಡಿಯುವವರೆಗೆ, ಆ ಬೆಳಕಿನ ಕೆಳಗೇ ಕೂತು ಬೇಯಿಸಿದಳು. ನನ್ನನ್ನು ಆ ವಿಷಯ ಒಮ್ಮೆಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಗೆಣಸಿನ ಗಾಡಿಯಿಂದ ಅಂದು ನಾನು ಬೆಂಗಳೂರಿಗೆ ಹೋಗಲಿಲ್ಲ. ಆವತಿಯ ಕಡೆಗೆ ಹೋಗುವ ಬಸ್ಸು ಹತ್ತಿದೆ. ಚಿಕ್ಕಪ್ಪ ತೀರಿ ಕೆಲವು ವರ್ಷವಾಗಿದೆ. ಚಿಕ್ಕಮ್ಮ ಮಗನೊಂದಿಗೆ ಅದೇ ಮನೆಯಲ್ಲಿದ್ದಾರೆ, ಗ್ಯಾಸ್ ಒಲೆಯ ಮೇಲೆ ಅದೇ ಹೆಂಚಿನ ಬೆಳಕು ಬೀಳುತ್ತದೆ. ಗೆಣಸು ಕೊಟ್ಟು, ಅಟ್ಟದ ಡಾಲ್ಡಾ ಡಬ್ಬ ಕೇಳಿದೆ. “ಅದ್ಯಾಕೋ ಈಗ?” ಎಂದರು. ಆದರೂ ಮಗನನ್ನು ಅಟ್ಟ ಹತ್ತಿಸಿದರು. ಡಬ್ಬ ತುಕ್ಕು ಹಿಡಿದಿತ್ತು, ಚೂರು ಏಳೂ ಇದ್ದವು.

ಗಾಜಿನ ಬಿರುಕಿಗೆ ಒಂದು ಗುಣವಿದೆ. ಅದು ಹುಟ್ಟಿದ ಜಾಗದಲ್ಲಿ ಒಡೆದ ಮೈ ಕನ್ನಡಿಯ ಹಾಗೆ ನುಣುಪಾಗಿರುತ್ತದೆ. ಅಲ್ಲಿಂದ ದೂರ ಹೋದಂತೆ, ಕಪ್ಪೆಚಿಪ್ಪಿನ ಮೇಲಿನಂಥ ಗೆರೆಗಳು ಹರಡುತ್ತ ಒರಟಾಗುತ್ತದೆ. ಗೆರೆಗಳನ್ನು ಹಿಂದಕ್ಕೆ ಹಿಂಬಾಲಿಸಿದರೆ ಬಿರುಕು ಎಲ್ಲಿಂದ ಹೊರಟಿತೆಂದು ತಿಳಿಯುತ್ತದೆ. ಇದನ್ನು ಎಷ್ಟೋ ತಂಡಗಳಿಗೆ ಪಾಠ ಮಾಡಿದ್ದೇನೆ. ಚೂರುಗಳನ್ನು ತೊಳೆದು, ಅಡುಗೆಮನೆಯ ನೆಲದ ಮೇಲೆ, ಆ ಬೆಳಕಿನಲ್ಲೇ ಜೋಡಿಸಿದೆ. ಮನೆಯಲ್ಲಿದ್ದ ಒಂದು ಭೂತಗನ್ನಡಿ ಹಿಡಿದು ಅಂಚುಗಳನ್ನು ಒಂದೊಂದಾಗಿ ನೋಡಿದೆ. ಚಿಕ್ಕಮ್ಮ ಗೆಣಸಿನ ಸಿಪ್ಪೆ ಸುಲಿಯುತ್ತ ಪಕ್ಕದಲ್ಲಿ ಕೂತಿದ್ದರು.

ನಾನು ಇಟ್ಟಿಗೆ ತೆಗೆದೆನೆಂದು ಆ ಚೂರುಗಳು ಹೇಳುವುದಿಲ್ಲ. ಅವು ಹೇಳುವುದು ಒಂದನ್ನೇ, ಅದನ್ನು ಮೂರು ಸಲ ನೋಡಿ ಖಚಿತಪಡಿಸಿಕೊಂಡಿದ್ದೇನೆ: ಅಜ್ಜಿ ಗೆಣಸು ಹೂತ ಮುಂಭಾಗದಲ್ಲಿ ಒಂದು ಬಿರುಕೂ ಹುಟ್ಟಿಲ್ಲ. ಎಲ್ಲವೂ ಹೊರಟಿರುವುದು ಗುಬುಟಿನ ತುದಿಯಿಂದ, ಕಿಂಡಿಯ ಕಡೆಯಿಂದ.